ದಳ ಕಳಚಿಟ್ಟ ಹೂಗಳು

ಹುಲ್ಲಿಗೆ ತೆನೆ ಬರುವುದು ಎಲ್ಲರಿಗೂ ಗೊತ್ತು, ಬೀಜ ಉದುರುವುದೂ ಗೊತ್ತು. ನಡುವೆ ಅದು ಹೂ ಬಿಟ್ಟಿತ್ತು ಎಂದರೆ ಮಾತ್ರ ಕೇಳಿದವರು ಒಂದು ಗಳಿಗೆ ತಡೆದು ಯೋಚಿಸುತ್ತಾರೆ. ಬಣ್ಣವಿಲ್ಲ, ಪರಿಮಳವಿಲ್ಲ, ತಟ್ಟನೆ ಕಾಣುವಷ್ಟು ಗಾತ್ರವೂ ಇಲ್ಲ. ಹೂವೆಂದು ಗುರುತಿಸಲು ನಾವು ನೆಚ್ಚಿಕೊಂಡಿರುವ ಒಂದು ಲಕ್ಷಣವೂ ಅದರಲ್ಲಿ ಸಿಗುವುದಿಲ್ಲ. ಆ ಲಕ್ಷಣಗಳೆಲ್ಲ ಬೆಳೆದದ್ದು ಪರಾಗ ಹೊರುವ ಜೀವಿಗಳಿಗಾಗಿ, ಅದರಲ್ಲೂ ಮುಖ್ಯವಾಗಿ ಕೀಟಗಳಿಗಾಗಿ. ಕೀಟವನ್ನು ಬಿಟ್ಟು ಗಾಳಿಯನ್ನು ನಂಬಿದ ಗಿಡಕ್ಕೆ ಅವುಗಳ ಹಂಗಿಲ್ಲ. ಈಚಿನ ವರ್ಷಗಳಲ್ಲಿ ನನ್ನ ಗಮನ ಈ ಎರಡನೆಯ ಬಗೆಯ ಹೂಗಳತ್ತಲೇ ಹೆಚ್ಚು ಹೊರಳಿದೆ. ಒಂದು ಹೂವಿನಲ್ಲಿ ಏನೇನು ಇಲ್ಲ ಎಂದು ಲೆಕ್ಕ ಹಾಕಿದರೆ, ಇರುವುದರಿಂದ ತಿಳಿಯುವಷ್ಟೇ ಚೆನ್ನಾಗಿ ಅದರ ಚರಿತ್ರೆ ತಿಳಿಯುತ್ತದೆ ಎಂಬುದು ನೋಡುತ್ತ ನೋಡುತ್ತ ನನಗೆ ಗಟ್ಟಿಯಾಗಿದೆ.

ಭತ್ತವನ್ನೇ ತೆಗೆದುಕೊಳ್ಳಿ. ಹೊಡೆಯಿಂದ ಹೊರಬಂದ ತೆನೆಯಲ್ಲಿ ಪ್ರತಿ ಕಾಳೂ ಮೊದಲು ಒಂದು ಹೂವು. ಮುಂದೆ ಹೊಟ್ಟಾಗಲಿರುವ ಎರಡು ಹಸಿರು ಸಿಪ್ಪೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಬಿಸಿಲೇರುತ್ತ ಬಂದಂತೆ, ಸಾಮಾನ್ಯವಾಗಿ ಬೆಳಗಿನ 9ರಿಂದ 11ರ ಆಸುಪಾಸಿನಲ್ಲಿ, ಆ ಸಿಪ್ಪೆಗಳು ಮೆಲ್ಲಗೆ ಬಾಯಿ ಬಿಡುತ್ತವೆ. ಒಳಗಿನ ಆರು ಕೇಸರಗಳ ಎಳೆಗಳು ನೋಡನೋಡುತ್ತಿದ್ದಂತೆ ಉದ್ದವಾಗಿ, ತುದಿಯ ಪರಾಗಕೋಶಗಳು ಸಿಪ್ಪೆಯಿಂದ ಆಚೆ ಬಂದು ಜೋಲುತ್ತವೆ. ಬುಡದಲ್ಲಿ ಪರಾಗ ಹಿಡಿಯುವ ಎರಡು ಶಲಾಕಾಗ್ರಗಳು, ಪುಟ್ಟ ಗರಿಗಳಂತೆ ಕವಲೊಡೆದವು, ಎರಡು ಬದಿಗೆ ಹರಡಿಕೊಳ್ಳುತ್ತವೆ. ಇದೆಲ್ಲ ಹೆಚ್ಚು ಕಡಿಮೆ ಒಂದು ಗಂಟೆಯ ಮಾತು. ಆಮೇಲೆ ಸಿಪ್ಪೆ ಮುಚ್ಚಿಕೊಳ್ಳುತ್ತದೆ, ಕೇಸರಗಳು ಹೊರಗೇ ಉಳಿದು ಬಾಡುತ್ತವೆ. ಆ ಹೂವು ಮತ್ತೆ ತೆರೆಯುವುದಿಲ್ಲ.

ಇಷ್ಟು ಬಿಗಿಯಾದ ಸಿಪ್ಪೆಯನ್ನು ತೆರೆಯುವುದು ಯಾವುದು? ಭೂತಗನ್ನಡಿ ಹಿಡಿದು ಅಂಡಾಶಯದ ಬುಡವನ್ನು ನೋಡಬೇಕು. ಅಲ್ಲಿ ನೀರು ತುಂಬಿದಂತೆ ಕಾಣುವ, ಅರೆಪಾರದರ್ಶಕವಾದ ಎರಡು ಸಣ್ಣ ಹುರುಪೆಗಳಿವೆ. ಸಸ್ಯಶಾಸ್ತ್ರದಲ್ಲಿ ಅವಕ್ಕೆ ಲಾಡಿಕ್ಯೂಲ್ ಎನ್ನುತ್ತಾರೆ. ಹೊತ್ತು ಬಂದಾಗ ಅವು ನೀರು ಹೀರಿ ಉಬ್ಬುತ್ತವೆ. ಉಬ್ಬಿದ ರಭಸಕ್ಕೆ ಹೊರಗಿನ ಸಿಪ್ಪೆ ಪಕ್ಕಕ್ಕೆ ಸರಿಯುತ್ತದೆ. ಕೆಲಸ ಮುಗಿದ ಮೇಲೆ ನೀರು ಕಳೆದುಕೊಂಡು ಕುಗ್ಗುತ್ತವೆ, ಸಿಪ್ಪೆ ಸ್ವಸ್ಥಾನಕ್ಕೆ ಮರಳುತ್ತದೆ. ಈ ಹುರುಪೆಗಳು ಮೂಲದಲ್ಲಿ ದಳಗಳು ಎಂದು ಸಸ್ಯಶಾಸ್ತ್ರಜ್ಞರು ಬಹುಕಾಲದಿಂದ ಊಹಿಸಿದ್ದರು. ಬೇರೆ ಹೂಗಳಲ್ಲಿ ದಳವನ್ನು ರೂಪಿಸುವ ಜೀನ್‌ಗಳ ಗುಂಪೇ ಹುಲ್ಲಿನ ಹೂವಿನಲ್ಲಿ ಲಾಡಿಕ್ಯೂಲನ್ನು ರೂಪಿಸುತ್ತದೆ ಎಂದು ಗೊತ್ತಾದ ಮೇಲೆ ಆ ಊಹೆಗೆ ಬಲ ಬಂತು.

ಇದನ್ನು ಮೊದಲು ಓದಿದಾಗ ನನಗೆ ಮೈ ಝುಂ ಎಂದಿತ್ತು. ಒಂದು ಕಾಲಕ್ಕೆ ಬಣ್ಣ ಬಳಿದುಕೊಂಡು ಕೀಟವನ್ನು ಕರೆಯುತ್ತಿದ್ದ ದಳ, ಕರೆಯಬೇಕಾದ ಅಗತ್ಯ ಮುಗಿದ ಮೇಲೆ, ಒಂದು ಮಿಲಿಮೀಟರಿನ ಆಸುಪಾಸಿಗೆ ಇಳಿದು ಬಾಗಿಲು ತೆರೆಯುವ ಕೆಲಸಕ್ಕೆ ನಿಂತಿದೆ. ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ಎರಡು ಕಾಲಂಗಳ ಪಟ್ಟಿ. ಎಡಕ್ಕೆ ಕೀಟದ ಹೂವು: ದೊಡ್ಡ ದಳ, ಬಣ್ಣ, ವಾಸನೆ, ಮಕರಂದ, ಅಂಟು ಪರಾಗ. ಬಲಕ್ಕೆ ಗಾಳಿಯ ಹೂವು: ಸಣ್ಣದು, ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು, ಮಕರಂದವಿಲ್ಲದ್ದು, ಹಗುರ ಪರಾಗ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ, ಪರೀಕ್ಷೆಗೆ ಸಾಕು. ಆದರೆ ಎರಡು ಕಾಲಂಗಳ ನಡುವೆ ಎಳೆದ ಗೆರೆಯನ್ನು ಗಿಡಗಳು ಎಷ್ಟೋ ಸಲ ದಾಟಿವೆ ಎಂಬ ಸಂಗತಿ ಆ ಪಟ್ಟಿಯಿಂದ ತಿಳಿಯುವುದಿಲ್ಲ. ಗಾಳಿಯ ಹೂವು ಸರಳ, ಆದ್ದರಿಂದ ಹಳೆಯದು; ಕೀಟದ ಹೂವು ಚೆಂದ, ಆದ್ದರಿಂದ ಮುಂದುವರಿದದ್ದು ಎಂಬ ಭಾವನೆ ಓದಿದವರ ಮನಸ್ಸಿನಲ್ಲಿ ಹಾಗೇ ಕೂತುಬಿಡುತ್ತದೆ.

ನಡೆದದ್ದು ಬಹುಪಾಲು ತಿರುಗುಮುರುಗು. ಪೈನ್‌ನಂಥ, ಹೂವೇ ಇಲ್ಲದ ಬೀಜಸಸ್ಯಗಳ ಗಾಳಿಯ ನಂಟು ಬಹಳ ಹಳೆಯದು, ಅದು ಬೇರೆ ಕಥೆ. ಹೂಬಿಡುವ ಸಸ್ಯಗಳ ವಿಚಾರಕ್ಕೆ ಬಂದರೆ ಅವುಗಳ ಹಿರೀಕರು ಕೀಟಗಳನ್ನು ನೆಚ್ಚಿದ್ದವೆಂದೇ ಹೆಚ್ಚಿನ ಪುರಾವೆಗಳು ಹೇಳುತ್ತವೆ. ಅಲ್ಲಿಂದ ಬೇರೆ ಬೇರೆ ವಂಶಗಳು, ಬೇರೆ ಬೇರೆ ಕಾಲದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ ಕನಿಷ್ಠ 65 ಬಾರಿ ಗಾಳಿಯ ಕಡೆಗೆ ಹೊರಳಿವೆ ಎಂಬುದು ಒಂದು ಅಂದಾಜು. 2011ರ ಒಂದು ಲೆಕ್ಕದ ಪ್ರಕಾರ ಹೂಬಿಡುವ ಸಸ್ಯಗಳಲ್ಲಿ ಶೇಕಡ 87.5ರಷ್ಟು ಜಾತಿಗಳು ಇಂದಿಗೂ ಕೀಟ, ಹಕ್ಕಿ, ಬಾವಲಿಗಳಂಥ ಪ್ರಾಣಿಗಳನ್ನೇ ನೆಚ್ಚಿವೆ. ಉಳಿದವುಗಳಲ್ಲಿ ಬಹುಪಾಲು ಗಾಳಿಯವು. ಜಾತಿಗಳ ಎಣಿಕೆಯಲ್ಲಿ ಇದು ಸಣ್ಣ ಪಾಲು. ಆದರೆ ಭತ್ತ, ಗೋಧಿ, ಮೆಕ್ಕೆಜೋಳ, ರಾಗಿ, ಸಜ್ಜೆ ಎಲ್ಲವೂ ಇದೇ ಪಾಲಿನ ಹುಲ್ಲಿನ ಕುಟುಂಬಕ್ಕೆ ಸೇರಿವೆ. ಭೂಮಿಯ ಹುಲ್ಲುಗಾವಲುಗಳೆಲ್ಲ ಇದೇ ಕುಟುಂಬದವು.

ಹೊರಳಿದ ಗುರುತು ಎದ್ದು ಕಾಣುವ ಒಂದು ಜೋಡಿ ನನಗೆ ತುಂಬ ಇಷ್ಟ: ಸೇವಂತಿಗೆ ಮತ್ತು ಮಾಚಿಪತ್ರೆ. ಎರಡೂ ಸೂರ್ಯಕಾಂತಿಯ ಕುಟುಂಬದವು, ಅದರಲ್ಲೂ ಒಂದೇ ಕವಲಿನ ಹತ್ತಿರದ ಬಂಧುಗಳು. ಸೇವಂತಿಗೆಯಲ್ಲಿ ಹೊರಗಿನ ಸುತ್ತಿನ ಸಣ್ಣ ಹೂಗಳು ಉದ್ದನೆಯ ಎಸಳುಗಳಾಗಿ ಚಾಚಿ ದೂರದಿಂದಲೇ ಕೀಟವನ್ನು ಕರೆಯುತ್ತವೆ. ಮಾಚಿಪತ್ರೆಯ ಹೂಗುಚ್ಛವೂ ಮೂಲತಃ ಅದೇ ವಿನ್ಯಾಸದ್ದು. ಆದರೆ ಎಸಳುಗಳು ಮಾಯವಾಗಿವೆ, ಗುಚ್ಛ ಕಾಳಿನಷ್ಟು ಸಣ್ಣದಾಗಿದೆ, ಬಣ್ಣ ಮಾಸಿದೆ, ತಲೆ ಕೆಳಗಾಗಿ ತೂಗುತ್ತದೆ. ಪರಾಗದ ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಥೆ ಇನ್ನೂ ಸ್ಪಷ್ಟ. ಸೇವಂತಿಗೆಯ ಪರಾಗದ ಮೈತುಂಬ ಮುಳ್ಳು. ಮಾಚಿಪತ್ರೆಯದು ಹೆಚ್ಚು ಕಡಿಮೆ ನುಣುಪು, ಮುಳ್ಳಿದ್ದ ಜಾಗದಲ್ಲಿ ಅದರ ಗುರುತು ಮಾತ್ರ. ಕೀಟದ ರೋಮಕ್ಕೆ ಸಿಕ್ಕಿಕೊಳ್ಳಬೇಕಾದ ಅಗತ್ಯ ತೀರಿದ ಮೇಲೆ ಮುಳ್ಳು ಯಾಕೆ? ಮಾಚಿಪತ್ರೆಗೆ ಘಮ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅದು ಎಲೆಯ ಎಣ್ಣೆಯ ಘಮ, ಎಲೆ ತಿನ್ನಲು ಬರುವವರನ್ನು ದೂರವಿಡಲು.

ಕೀಟವನ್ನು ಬಿಡುವುದು ಯಾವಾಗ ಲಾಭ? ಕೀಟಗಳು ಕಡಿಮೆಯಿರುವ ಕಡೆ, ಅಥವಾ ಅವು ಬರುವ ಭರವಸೆ ಇಲ್ಲದ ಕಡೆ. ಚಳಿಯ ಎತ್ತರದ ಪ್ರದೇಶ, ಸಾಗರದ ನಡುವಿನ ದ್ವೀಪ, ಬಯಲು, ಚಳಿಗಾಲ ಮುಗಿಯುವ ಮುನ್ನವೇ ಹೂ ಬಿಡಬೇಕಾದ ಕಾಡು. ಹವಾಯಿ ದ್ವೀಪಗಳಲ್ಲಷ್ಟೇ ಬೆಳೆಯುವ ಷೀಡಿಯ ಎಂಬ ಕುಲದಲ್ಲಿ ಎರಡೂ ಬಗೆಯ ಜಾತಿಗಳಿವೆ, ಗಾಳಿಯತ್ತ ಹೊರಳಿದವು ಹೆಚ್ಚಾಗಿ ಒಣ, ಗಾಳಿ ಬೀಸುವ ಜಾಗಗಳಲ್ಲಿ ಸಿಗುತ್ತವೆ. ಯೂರೋಪಿನ ಆಶ್ ಮರಗಳಲ್ಲೂ ಹೀಗೆಯೇ: ಒಂದು ಜಾತಿ ಬಿಳಿ ದಳದ, ಪರಿಮಳದ ಹೂ ಬಿಟ್ಟು ಕೀಟವನ್ನು ಕರೆಯುತ್ತದೆ, ಅದರ ಸೋದರ ಜಾತಿಗೆ ದಳವೇ ಇಲ್ಲ. ಗಾಳಿಗೆ ಇನ್ನೊಂದು ಶರತ್ತೂ ಇದೆ. ಒಂದೇ ಜಾತಿಯ ಗಿಡಗಳು ಒತ್ತಾಗಿ ಬೆಳೆದಿರಬೇಕು. ನೂರಾರು ಜಾತಿಯ ಮರಗಳು ಬೆರೆತು ನಿಂತ, ವರ್ಷವಿಡೀ ಎಲೆ ತುಂಬಿದ, ಮಳೆ ತೊಟ್ಟಿಕ್ಕುವ ಉಷ್ಣವಲಯದ ಕಾಡಿನಲ್ಲಿ ಗಾಳಿಯ ಹೂಗಳು ತೀರ ಕಡಿಮೆ. ತನ್ನ ಜಾತಿಯ ಇನ್ನೊಂದು ಮರ ಅಷ್ಟು ದೂರದಲ್ಲಿರುವಾಗ ವಿಳಾಸ ಗೊತ್ತಿರುವ ದೂತನೇ ಬೇಕು. ಶೀತ ದೇಶಗಳ ಓಕ್, ಬರ್ಚ್, ಹೇಜಲ್ ಮರಗಳು ದೊಡ್ಡ ಗುಂಪುಗಳಲ್ಲಿ ನಿಲ್ಲುತ್ತವೆ, ಎಲೆ ಪೂರ್ತಿ ಬಿಡುವ ಮುನ್ನವೇ ಪರಾಗ ತೂರುತ್ತವೆ. ಎಲೆ ಬಂದರೆ ಪರಾಗವೆಲ್ಲ ಅದರ ಮೇಲೆ ಕೂತು ಹಾಳು.

ಗಾಳಿಯ ಲೆಕ್ಕಾಚಾರ ಕಲಿಯಲು ಮೆಕ್ಕೆಜೋಳಕ್ಕಿಂತ ಒಳ್ಳೆಯ ಗಿಡವಿಲ್ಲ. ಗಂಡು ಹೂಗಳೆಲ್ಲ ನೆತ್ತಿಯ ಸೂಲಂಗಿಯಲ್ಲಿ, ಹೆಣ್ಣು ಹೂಗಳೆಲ್ಲ ನಡುವಿನ ತೆನೆಯಲ್ಲಿ. ತೆನೆಯ ತುದಿಯಿಂದ ಇಳಿಬೀಳುವ ಒಂದೊಂದು ರೇಷ್ಮೆ ಎಳೆಯೂ ಒಂದೊಂದು ಹೆಣ್ಣು ಹೂವಿನದ್ದು. ಆ ಎಳೆಯ ಇನ್ನೊಂದು ಕೊನೆಯಲ್ಲಿ ಒಂದೇ ಒಂದು ಅಂಡಕ, ಅದು ಮುಂದೆ ಒಂದು ಕಾಳು. ಎಳೆ 30 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಅದರ ಮೈಮೇಲಿನ ನವಿರಾದ ರೋಮಕ್ಕೆ ಪರಾಗದ ಕಣ ಸಿಕ್ಕಿಕೊಂಡರೆ, ಕಣದಿಂದ ಹೊರಟ ನಳಿಕೆ ಎಳೆಯ ಒಳಗೇ ಸಾಗಿ ಸುಮಾರು 24 ಗಂಟೆಯೊಳಗೆ ಅಂಡಕವನ್ನು ಮುಟ್ಟುತ್ತದೆ. ಗಂಟೆಗೆ ಒಂದು ಸೆಂಟಿಮೀಟರಿಗೂ ಮೀರಿದ ಓಟ ಅದು, ಸಸ್ಯಲೋಕದಲ್ಲಿ ಬಲು ಬಿರುಸಿನದು. ಯಾವ ಎಳೆಗೆ ಪರಾಗ ಸಿಗಲಿಲ್ಲವೋ ಆ ಕಾಳು ಹುಟ್ಟುವುದಿಲ್ಲ. ತೆನೆ ಸುಲಿದಾಗ ನಡುನಡುವೆ ಹಲ್ಲು ಬಿದ್ದಂತೆ ಖಾಲಿ ಕಂಡರೆ, ಅಷ್ಟು ಎಳೆಗಳನ್ನು ಗಾಳಿ ತಪ್ಪಿಸಿಕೊಂಡು ಹೋಯಿತು ಎಂದು ಅರ್ಥ. ಕೈತೋಟದಲ್ಲಿ ಮೆಕ್ಕೆಜೋಳವನ್ನು ಉದ್ದಕ್ಕೆ ಒಂದೇ ಸಾಲು ಹಾಕಬಾರದು, ನಾಲ್ಕಾರು ಗಿಡ್ಡ ಸಾಲುಗಳನ್ನು ಒತ್ತಾಗಿ ಹಾಕಬೇಕು ಎನ್ನುವುದು ಇದಕ್ಕೇ.

ಒಂದು ತೆನೆಗೆ ಬೇಕಾದದ್ದು ಕೆಲವು ನೂರು ಕಣ, ಒಂದು ಸೂಲಂಗಿ ಚೆಲ್ಲುವುದು ಹತ್ತಾರು ಲಕ್ಷ ಕಣ. ಇದನ್ನು ನೋಡಿ ಗಾಳಿಯ ಹೂವು ದುಂದುಗಾರ ಎನ್ನುವುದು ರೂಢಿ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಕೀಟದ ಹೂವು ದಳ ಕಟ್ಟಲು, ಬಣ್ಣ ಮಾಡಲು, ದಿನವೂ ಸಕ್ಕರೆ ಸುರಿಸಲು ಮಾಡುವ ಖರ್ಚನ್ನು ನಾವು ಚೆಲುವು ಎಂದು ಕರೆದು ಲೆಕ್ಕದಿಂದ ಬಿಟ್ಟುಬಿಡುತ್ತೇವೆ. ಗಾಳಿಯ ಹೂವು ಆ ಖರ್ಚನ್ನೆಲ್ಲ ಉಳಿಸಿ ಪರಾಗಕ್ಕೆ ಹಾಕಿದೆ, ಅಷ್ಟೇ. ಅದೂ ಕಣ್ಣು ಮುಚ್ಚಿ ತೂರುವುದಿಲ್ಲ. ಪರಾಗಕೋಶ ಒಣಗಿದಾಗಲೇ ಬಾಯಿ ಬಿಡುವುದು. ಹಾಗಾಗಿ ಒದ್ದೆ ಹವೆಯಲ್ಲಿ ಕೋಶ ಸುಮ್ಮನಿದ್ದು, ಬಿಸಿಲು ಬಿದ್ದು ಗಾಳಿ ಏಳುವ ಹೊತ್ತಿಗೆ ಪರಾಗ ಹೊರಡುತ್ತದೆ. ಕೇಸರದ ಎಳೆ ತೆಳ್ಳಗೆ, ಉದ್ದಕ್ಕೆ ಇರುವುದು ಗಾಳಿಗೆ ನಡುಗಲೆಂದೇ.

ಹಿಪ್ಪುನೇರಳೆ ಗಾಳಿ ಬರಲಿ ಎಂದು ಕಾಯುವುದೂ ಇಲ್ಲ. ಅದರ ಗಂಡು ಹೂವಿನಲ್ಲಿ ಕೇಸರದ ಎಳೆ ಬಿಲ್ಲಿನಂತೆ ಬಾಗಿ ಸಿಕ್ಕಿಹಾಕಿಕೊಂಡಿರುತ್ತದೆ. ಒಣಗುತ್ತ ಬಂದು ಹಿಡಿತ ತಪ್ಪಿದ ಕ್ಷಣ ಚಿಮ್ಮಿ ನೆಟ್ಟಗಾಗಿ ಪರಾಗವನ್ನು ಎಸೆಯುತ್ತದೆ. 2006ರಲ್ಲಿ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದು ಅಳೆದರು: ಒಂದು ಸೆಕೆಂಡಿನ 10 ಲಕ್ಷ ಭಾಗಗಳಲ್ಲಿ ಬರೀ 25 ಭಾಗದಷ್ಟು ಹೊತ್ತು, ಶಬ್ದದ ಅರ್ಧಕ್ಕಿಂತ ಹೆಚ್ಚು ವೇಗ. ಗಿಡವೊಂದು ಕದಲುವುದರಲ್ಲಿ ಇಷ್ಟು ವೇಗವನ್ನು ಅದಕ್ಕೆ ಮೊದಲು ಯಾರೂ ಅಳೆದಿರಲಿಲ್ಲ.

ಹಿಡಿಯುವ ಕಡೆಯ ಜಾಣ್ಮೆಯೂ ಕಡಿಮೆಯದಲ್ಲ. ಗಾಳಿಯಲ್ಲಿ ತೇಲುವ ಕಣವನ್ನು ಹಿಡಿಯಲು ಅಗಲವಾದ ತಟ್ಟೆಯಂಥ ಭಾಗ ಇಟ್ಟರೆ ಸಾಕು ಎನಿಸಬಹುದು. ಆದರೆ ಅಗಲವಾದ ವಸ್ತು ಎದುರಾದರೆ ಗಾಳಿ ಮೊದಲೇ ಕವಲೊಡೆದು ಅದನ್ನು ಸುತ್ತಿ ಹೋಗುತ್ತದೆ, ಹಗುರ ಕಣವೂ ಗಾಳಿಯ ಜೊತೆಗೇ ಸರಿದುಹೋಗುತ್ತದೆ. ಎದುರಿಗೆ ಕೂದಲಿನಂಥ ತೆಳು ಎಳೆಯಿದ್ದರೆ ಗಾಳಿ ತಿರುಗುವುದು ಕೊನೆಯ ಗಳಿಗೆಯಲ್ಲಿ. ಅಷ್ಟು ಬೇಗ ತಿರುಗಲಾಗದ ಕಣ ನೇರವಾಗಿ ಹೋಗಿ ಎಳೆಗೆ ಬಡಿಯುತ್ತದೆ. ಹುಲ್ಲಿನ ಶಲಾಕಾಗ್ರ ಗರಿಯಾಗಿ ಕವಲೊಡೆದದ್ದು ಈ ಕಾರಣಕ್ಕೆ. ಕಣದ ಗಾತ್ರವೂ ಇದೇ ಜಗ್ಗಾಟದಲ್ಲಿ ತೀರ್ಮಾನವಾದದ್ದು. ತೀರ ಸಣ್ಣದಾದರೆ ಎಳೆಯನ್ನು ತಪ್ಪಿಸಿಕೊಂಡು ಹೋಗುತ್ತದೆ, ತೀರ ದೊಡ್ಡದಾದರೆ ಬೇಗ ನೆಲಕ್ಕೆ ಬೀಳುತ್ತದೆ. ಗಾಳಿಯ ಪರಾಗ ಬಹುಮಟ್ಟಿಗೆ 20ರಿಂದ 40 ಮೈಕ್ರಾನ್‌ಗಳ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ನಡುವೆ ನಿಂತಿದೆ. ಮೆಕ್ಕೆಜೋಳ ಇಲ್ಲಿ ಹೊರತು: ಅದರ ಕಣ ಸುಮಾರು 90 ಮೈಕ್ರಾನ್, ಬೀಳುವುದು ಸೆಕೆಂಡಿಗೆ 20–30 ಸೆಂಟಿಮೀಟರ್ ವೇಗದಲ್ಲಿ. ಹಾಗಾಗಿ ಅದರ ಪರಾಗ ಬಹುಪಾಲು ಹತ್ತಾರು ಮೀಟರ್ ಒಳಗೇ ಇಳಿದುಬಿಡುತ್ತದೆ.

ಇದೇ ಕೈತೋಟದ ಕುಂಬಳ ಬಳ್ಳಿಯ ಬಳಿಗೆ ಬನ್ನಿ. ಮೆಕ್ಕೆಜೋಳದಂತೆಯೇ ಇಲ್ಲೂ ಒಂದೇ ಗಿಡದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಉಳಿದದ್ದೆಲ್ಲ ಬೇರೆ ಲೋಕ. ನಸುಕಿನಲ್ಲೇ ಅಂಗೈ ಅಗಲದ ಹಳದಿ ಹೂ ಅರಳಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಗಂಡು ಹೂವಿನ ನಡುವೆ ಕೇಸರಗಳೆಲ್ಲ ಕೂಡಿ ಒಂದು ಕಂಬವಾಗಿವೆ, ಅದನ್ನು ಬೆರಳಿನಿಂದ ಮುಟ್ಟಿದರೆ ಹಳದಿ ಪುಡಿ ಎಣ್ಣೆ ಬೆರೆಸಿದಂತೆ ಅಂಟುತ್ತದೆ. ಊದಿದರೆ ಹಾರುವುದಿಲ್ಲ. ಬಿಸಿಲಿಗೆ ಹಿಡಿದರೆ ಒಂದೊಂದು ಕಣವೂ ಬರಿಗಣ್ಣಿಗೇ ಕಾಣುವಷ್ಟು ದೊಡ್ಡದು, ಭೂತಗನ್ನಡಿಯಲ್ಲಿ ಅದರ ಒರಟು ಮೈಯೂ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ಮೈತುಂಬ ಮುಳ್ಳು. ಹೆಣ್ಣು ಹೂವಿನ ಬುಡದಲ್ಲಿ ಕಾಯಿಯ ಪುಟ್ಟ ರೂಪ ಮೊದಲೇ ಇರುತ್ತದೆ, ಮೇಲೆ ದಪ್ಪ ಮಡಿಕೆಗಳ ಅಂಟಂಟು ಶಲಾಕಾಗ್ರ. ಜೇನ್ನೊಣ ಬಾರದೆ ಹೋದರೆ ಆ ಪುಟ್ಟ ಕಾಯಿ ಹಳದಿಯಾಗಿ ಉದುರಿಹೋಗುತ್ತದೆ, ಪಕ್ಕದಲ್ಲೇ ಗಂಡು ಹೂವು ತುಂಬಿ ತುಳುಕುತ್ತಿದ್ದರೂ.

ಈಗ ಒಳಗಿನ ಬೀಜಗಳನ್ನು ಎಣಿಸಿ. ರೇಷ್ಮೆ ಎಳೆ ಒಂದಕ್ಕೆ ಒಂದೇ ಕಾಳು. ಕುಂಬಳದ ಹೂ ಒಂದಕ್ಕೆ ನೂರಾರು ಬೀಜ. ಪಾಠದ ಪಟ್ಟಿಗಳಲ್ಲಿ ಅಪರೂಪಕ್ಕೆ ಬರುವ ಈ ವ್ಯತ್ಯಾಸ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಗಾಳಿ ಪರಾಗವನ್ನು ಬಿಡಿಬಿಡಿಯಾಗಿ ತರುತ್ತದೆ. ಒಂದು ಶಲಾಕಾಗ್ರಕ್ಕೆ ಒಂದೋ ಎರಡೋ ಕಣ ಸಿಕ್ಕರೆ ಅದೇ ಪುಣ್ಯ, ಅಂಥ ಹೂವಿನಲ್ಲಿ ನೂರು ಅಂಡಕ ಇಟ್ಟುಕೊಂಡರೆ ತೊಂಬತ್ತೆಂಟು ವ್ಯರ್ಥ. ಆದ್ದರಿಂದ ಗಾಳಿಯ ಗಿಡ ಹೂವಿಗೊಂದೇ ಅಂಡಕ ಇಟ್ಟು, ಹೂಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡಿದೆ. ಕೀಟವಾದರೋ ಮೈಗಂಟಿದ ಪರಾಗವನ್ನು ರಾಶಿಯಾಗಿ ಒಂದೇ ಕಡೆ ಒರೆಸಿ ಹೋಗುತ್ತದೆ. ಹೂವಿನಲ್ಲಿ ಅಂಡಕಗಳು ಹೆಚ್ಚಿದ್ದಷ್ಟೂ ಲಾಭ. ಆರ್ಕಿಡ್‌ಗಳು ಇದನ್ನು ಕೊನೆ ಮುಟ್ಟಿಸಿವೆ: ಪರಾಗವನ್ನೆಲ್ಲ ಗಂಟು ಕಟ್ಟಿ ಇಡಿಯಾಗಿ ಕೀಟದ ಮೈಗೆ ಅಂಟಿಸುತ್ತವೆ, ಆ ಗಂಟು ಇನ್ನೊಂದು ಹೂವನ್ನು ತಲುಪಿದರೆ ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಾಂತರ ಬೀಜ. ತೆನೆಯಲ್ಲಿ ಕಾಳು ಬಿಡಿಬಿಡಿಯಾಗಿ ಕೂತಿರುವುದು, ಕುಂಬಳದ ಹೊಟ್ಟೆಯಲ್ಲಿ ಬೀಜ ರಾಶಿಯಾಗಿ ಇರುವುದು, ಎರಡಕ್ಕೂ ಪರಾಗ ಬಂದ ದಾರಿಯ ಜೊತೆ ಸಂಬಂಧವಿದೆ.

ಕೀಟದ ಹೂಗಳ ಬಗ್ಗೆ ಬರೆದವರು ಬಹಳ ಮಂದಿ, ನಾನು ಮೆಚ್ಚಿದ ಎರಡು ಮೂರು ಸಂಗತಿ ಮಾತ್ರ ಹೇಳುತ್ತೇನೆ. ಜೇನ್ನೊಣಕ್ಕೆ ಬಣ್ಣ ಕಾಣುತ್ತದೆ ಎಂದು ಪ್ರಾಣಿಶಾಸ್ತ್ರಜ್ಞ ಕಾರ್ಲ್ ಫಾನ್ ಫ್ರಿಷ್ 1914ರಲ್ಲಿ ತೋರಿಸಿದರು. ಬೂದು ಬಣ್ಣದ ಹಲವು ಛಾಯೆಗಳ ಕಾಗದಗಳ ನಡುವೆ ಒಂದು ನೀಲಿ ಕಾಗದ ಇಟ್ಟು, ಅದರ ಮೇಲೆ ಸಕ್ಕರೆ ನೀರು ಕೊಟ್ಟು ಅಭ್ಯಾಸ ಮಾಡಿಸಿದರು. ಆಮೇಲೆ ಸಕ್ಕರೆ ನೀರು ತೆಗೆದರೂ ನೊಣಗಳು ನೀಲಿಯನ್ನೇ ಹುಡುಕಿ ಬಂದವು. ಮುಂದೆ 1973ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಜೇನ್ನೊಣಕ್ಕೆ ಕೆಂಪು ಬಣ್ಣ ಬಣ್ಣವಾಗಿ ಕಾಣುವುದಿಲ್ಲ, ಆದರೆ ನಮಗೆ ಕಾಣದ ಅತಿನೇರಳೆ ಕಾಣುತ್ತದೆ. ನಮಗೆ ಒಂದೇ ಹಳದಿಯಾಗಿ ಕಾಣುವ ಸೂರ್ಯಕಾಂತಿಯ ಎಸಳು ಅದರ ಕಣ್ಣಿಗೆ ಎರಡು ಬಣ್ಣದ್ದು: ತುದಿ ಅತಿನೇರಳೆಯನ್ನು ಹೊಳೆಯಿಸುತ್ತದೆ, ಬುಡ ಹೀರಿಕೊಳ್ಳುತ್ತದೆ, ನಡುವೆ ಗುರಿಯಂಥ ಒಂದು ವೃತ್ತ ಮೂಡುತ್ತದೆ.

ಬಣ್ಣದ ಮಾತು ಬಂದಾಗ ಲಂಟಾನವನ್ನು ಬಿಡಲಾಗದು. ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಅಂಚಿನಲ್ಲಿ ಕಿತ್ತಳೆ, ಗುಲಾಬಿ, ನೇರಳೆ. ಬ್ರೆಜಿಲ್‌ನಲ್ಲಿದ್ದ ಫ್ರಿಟ್ಜ್ ಮ್ಯುಲರ್ ಎಂಬ ನಿಸರ್ಗಜ್ಞ 1877ರಲ್ಲೇ ಇದನ್ನು ಗಮನಿಸಿ ಬರೆದಿದ್ದರು: ಹೂವು ಮೊದಲ ದಿನ ಹಳದಿ, ಎರಡನೆಯ ದಿನ ಕಿತ್ತಳೆ, ಮೂರನೆಯ ದಿನ ನೇರಳೆ. ಚಿಟ್ಟೆಗಳು ನೇರಳೆಯನ್ನು ಮುಟ್ಟುತ್ತಿರಲಿಲ್ಲ, ಕೆಲವು ಜಾತಿಯವು ಹಳದಿಗೆ ಮಾತ್ರ ಮೂತಿ ಇಡುತ್ತಿದ್ದವು. ಕೆಲಸ ಮುಗಿದ ಹೂವನ್ನು ಗಿಡ ಉದುರಿಸಬಹುದಿತ್ತು. ಉಳಿಸಿಕೊಂಡಿದ್ದರಿಂದ ಗೊಂಚಲು ದೂರಕ್ಕೆ ದೊಡ್ಡದಾಗಿ ಕಾಣುತ್ತದೆ, ಹತ್ತಿರ ಬಂದ ಚಿಟ್ಟೆಗೆ ಯಾವುದರಲ್ಲಿ ಮಕರಂದವಿದೆ ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ರಸ್ತೆ ಬದಿಯ ಪೊದೆಯ ಎದುರು ಸ್ವಲ್ಪ ಹೊತ್ತು ನಿಂತರೆ ಯಾರು ಬೇಕಾದರೂ ಇದನ್ನು ನೋಡಬಹುದು.

ಬದನೆ, ಟೊಮೇಟೊ ಹೂಗಳ ವ್ಯವಹಾರ ಇನ್ನೊಂದು ಥರ. ಅವುಗಳಲ್ಲಿ ಮಕರಂದವಿಲ್ಲ. ಪರಾಗವೇ ಕೂಲಿ, ಅದೂ ಸುಲಭಕ್ಕೆ ಸಿಗುವುದಿಲ್ಲ. ಬದನೆಯ ಪರಾಗಕೋಶಕ್ಕೆ ತುದಿಯಲ್ಲಿ ಉಪ್ಪಿನ ಡಬ್ಬಿಯಂತೆ ಸಣ್ಣ ತೂತು. ಬಡಗಿ ದುಂಬಿಯಂಥ ದೊಡ್ಡ ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ, ಹಾರುವ ಸ್ನಾಯುಗಳನ್ನಷ್ಟೇ ಸೆಕೆಂಡಿಗೆ ನೂರಾರು ಸಲ ಅದುರಿಸುತ್ತದೆ. ಆ ಅದುರಿಗೆ ಪರಾಗ ತೂತಿನಿಂದ ಸುರಿಯುತ್ತದೆ. ಹತ್ತಿರ ನಿಂತರೆ ಹಾರುವಾಗಿನ ಝೇಂಕಾರಕ್ಕಿಂತ ಎತ್ತರದ ಸ್ವರವೊಂದು ಬಿಟ್ಟುಬಿಟ್ಟು ಕೇಳಿಸುತ್ತದೆ. ಜೇನ್ನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಹೂವಿನ ಒಂದು ತೂತಿನ ಅಳತೆಯಲ್ಲೇ ಯಾರು ಒಳಗೆ, ಯಾರು ಹೊರಗೆ ಎಂಬ ತೀರ್ಮಾನ ಆಗಿಹೋಗಿದೆ.

ಹೂಗಳಲ್ಲಿ ಮೋಸಗಾರರೂ ಇದ್ದಾರೆ. ಓಫ್ರಿಸ್ ಎಂಬ ಆರ್ಕಿಡ್ ಹೆಣ್ಣು ಜೇನಿನ ಆಕಾರವನ್ನೂ ವಾಸನೆಯನ್ನೂ ಅನುಕರಿಸಿ, ಕೂಡಲು ಬಂದ ಗಂಡಿನ ಮೈಗೆ ಪರಾಗದ ಗಂಟು ಅಂಟಿಸಿ, ಏನೂ ಕೊಡದೆ ಕಳಿಸುತ್ತದೆ. ಇದು ಅಚ್ಚರಿಯ ಕಥೆ, ಆದರೆ ಇಂಥವುಗಳೇ ಹೆಚ್ಚು ಹೆಚ್ಚು ಪ್ರಚಾರವಾಗಿ ಹುಲ್ಲಿನ ಹೂವು ಇನ್ನಷ್ಟು ಮರೆಗೆ ಸರಿದಿದೆ ಎಂಬುದು ನನ್ನ ದೂರು.

ಅದರಲ್ಲೂ, ಗಿಡಗಳಲ್ಲಿ ಗಂಡು ಹೆಣ್ಣಿದೆ ಎಂಬುದು ಪ್ರಯೋಗದಿಂದ ಗೊತ್ತಾದದ್ದು ಈ ಚೆಲುವಿಲ್ಲದ ಹೂಗಳಿಂದಲೇ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ರುಡಾಲ್ಫ್ ಕ್ಯಾಮರೇರಿಯಸ್ 1694ರಲ್ಲಿ ಬರೆದ ಪತ್ರದಲ್ಲಿರುವ ಪ್ರಯೋಗಗಳು ಹಿಪ್ಪುನೇರಳೆ, ಔಡಲ, ಮೆಕ್ಕೆಜೋಳಗಳ ಮೇಲಿನವು. ಗಂಡು ಮರ ಹತ್ತಿರವಿಲ್ಲದ ಹೆಣ್ಣು ಹಿಪ್ಪುನೇರಳೆ ಹಣ್ಣು ಬಿಟ್ಟರೂ ಬೀಜ ಟೊಳ್ಳಾಗಿತ್ತು. ಔಡಲದ ಗಂಡು ಮೊಗ್ಗುಗಳನ್ನು ಕಿತ್ತಾಗ ಒಳ್ಳೆಯ ಬೀಜ ಕಟ್ಟಲಿಲ್ಲ. ಗಂಡು ಹೆಣ್ಣು ಬೇರೆ ಬೇರೆ ಹೂಗಳಲ್ಲಿರುವುದರಿಂದ ಒಂದನ್ನು ಕಿತ್ತು ಇನ್ನೊಂದನ್ನು ನೋಡುವುದು ಸಾಧ್ಯವಾಯಿತು, ಆ ಅನುಕೂಲ ಗಾಳಿಯ ಗಿಡಗಳಲ್ಲೇ ಹೆಚ್ಚು. ಕೀಟಗಳ ಪಾತ್ರ ತಿಳಿದದ್ದು ಇನ್ನೂ ತಡವಾಗಿ, ಜರ್ಮನಿಯ ಸಸ್ಯಶಾಸ್ತ್ರಜ್ಞ ಕೋಲ್‌ರಾಯ್ಟರ್ 1760ರ ದಶಕದಲ್ಲಿ ಮಾಡಿದ ಪ್ರಯೋಗಗಳಿಂದ. ಆಮೇಲೆ ಬಂದ ಕ್ರಿಶ್ಚಿಯನ್ ಸ್ಪ್ರೆಂಗೆಲ್ ಶಾಲಾ ಮಾಸ್ತರರು. 1787ರಲ್ಲಿ ಒಂದು ಕಾಡು ಜೆರೇನಿಯಂ ಹೂವಿನ ದಳದ ಬುಡದಲ್ಲಿ ಮೃದುವಾದ ರೋಮ ಕಂಡು, ಇದು ಮಕರಂದಕ್ಕೆ ಮಳೆನೀರು ಬೀಳದಿರಲಿ ಎಂದು ಇರಬೇಕು ಎಂದು ಯೋಚಿಸಿದರು. ಅಲ್ಲ, ಇಷ್ಟು ಜೋಪಾನ ಮಾಡಿದ ಮಕರಂದ ಯಾರಿಗೆ ಎಂಬ ಪ್ರಶ್ನೆ ಅವರನ್ನು ನೂರಾರು ಹೂಗಳ ಬಳಿಗೆ ಕರೆದೊಯ್ದಿತು. ದಳದ ಮೇಲಿನ ಗೆರೆ ಚುಕ್ಕಿಗಳು ಮಕರಂದಕ್ಕೆ ದಾರಿ ತೋರಿಸುತ್ತವೆ ಎಂದು ಮೊದಲು ಹೇಳಿದವರೂ ಅವರೇ. ಮಕರಂದವಿಲ್ಲದೆ ಹಗುರ ಪರಾಗ ತೂರುವ ಹೂಗಳು ಗಾಳಿಯವು ಎಂದೂ ಗುರುತಿಸಿದರು. 1793ರಲ್ಲಿ ಬಂದ ಅವರ ಪುಸ್ತಕವನ್ನು ಆಗ ಕೇಳಿದವರಿಲ್ಲ, ಮುಂದೆ ಡಾರ್ವಿನ್ ಅದನ್ನು ಮೆಚ್ಚಿ ಮುನ್ನೆಲೆಗೆ ತಂದರು.

ಕಾಣದ ಹೂವಿನ ತಪ್ಪನ್ನು ಕಾಣುವ ಹೂವಿನ ತಲೆಗೆ ಕಟ್ಟುವುದೂ ಉಂಟು. ಹೂವಿನ ಕಾಲದಲ್ಲಿ ಸೀನು, ಕಣ್ಣುರಿ, ಉಬ್ಬಸ ಬಂದರೆ ಎದುರಿಗೆ ಹಳದಿಯಾಗಿ ಅರಳಿ ನಿಂತ ಗಿಡವನ್ನು ಬೈಯುತ್ತಾರೆ. ಅಮೆರಿಕದಲ್ಲಿ ಗೋಲ್ಡನ್‌ರಾಡ್ ಎಂಬ ಹೊಳೆಯುವ ಹಳದಿ ಹೂವಿಗೆ ಈ ಅಪವಾದ ಹಳೆಯದು. ಅದರದು ಅಂಟು ಪರಾಗ, ಗಾಳಿಗೆ ಏಳುವುದೇ ಇಲ್ಲ. ಅದೇ ಕಾಲಕ್ಕೆ ಹೂ ಬಿಡುವ, ಯಾರೂ ತಿರುಗಿ ನೋಡದ ರ‍್ಯಾಗ್‌ವೀಡ್‌ನ ಪರಾಗ ಮೂಗು ಸೇರಿರುತ್ತದೆ. ಇದೂ ಸೂರ್ಯಕಾಂತಿಯ ಕುಟುಂಬದಿಂದ ಗಾಳಿಯತ್ತ ಹೊರಳಿದ ಗಿಡವೇ. ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲಾಕ್ಲಿ ಸ್ವತಃ ಹೇ ಫೀವರ್ ಎಂಬ ಈ ಸೀನಿನ ಕಾಯಿಲೆಯಿಂದ ನರಳುತ್ತಿದ್ದರು. ಹುಲ್ಲಿನ ಪರಾಗವನ್ನು ತಮ್ಮ ಮೂಗಿಗೇ ಹಾಕಿಕೊಂಡು ಪರೀಕ್ಷಿಸಿದರು, ಅಂಟು ಸವರಿದ ಗಾಜುಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ ಮೇಲಿನ ಗಾಳಿಯಲ್ಲೂ ಪರಾಗವಿದೆ ಎಂದು ತೋರಿಸಿದರು. ಅವರ ಪುಸ್ತಕ ಬಂದದ್ದು 1873ರಲ್ಲಿ.

ಗೆರೆಯ ಎರಡೂ ಬದಿಗೆ ಕಾಲಿಟ್ಟು ನಿಂತ ಗಿಡಗಳೂ ಇವೆ. ವಿಲೋ ಮರದ ಹೂವಿಗೆ ದಳವಿಲ್ಲ, ಆದರೆ ಮಕರಂದವಿದೆ. ಗಾಳಿಯೂ ಸರಿ, ಜೇನ್ನೊಣವೂ ಸರಿ. ತೆಂಗೂ ಅಷ್ಟೇ. ಮೆಕ್ಕೆಜೋಳದ ಸೂಲಂಗಿಗೆ ಜೇನ್ನೊಣಗಳು ಮುತ್ತಿ ಪರಾಗ ಒಯ್ಯುತ್ತವೆ, ಆದರೆ ರೇಷ್ಮೆ ಎಳೆಯಲ್ಲಿ ಅವಕ್ಕೆ ಬೇಕಾದದ್ದು ಏನೂ ಇಲ್ಲದ್ದರಿಂದ ಅತ್ತ ಹೋಗುವುದಿಲ್ಲ. ಭತ್ತದ್ದು ಇನ್ನೂ ವಿಶೇಷ. ಗಾಳಿಯ ಹೂವಿಗೆ ಬೇಕಾದ ಸಲಕರಣೆಯೆಲ್ಲ ಇಟ್ಟುಕೊಂಡೂ ನಮ್ಮ ಬೇಸಾಯದ ಭತ್ತ ಬಹುಪಾಲು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಕೀಟದಿಂದ ಗಾಳಿಗೆ, ಗಾಳಿಯಿಂದ ತನಗೆ ತಾನೇ. ಸಿಪ್ಪೆ ಬಾಯಿ ಬಿಡುವ ಹೊತ್ತಿಗೇ ಪರಾಗಕೋಶಗಳು ಒಡೆದು ಪಕ್ಕದ ಗರಿಗಳ ಮೇಲೆ ಪುಡಿ ಉದುರಿರುತ್ತದೆ.

ಇಂಥ ಬದಲಾವಣೆಗೆ ಲಕ್ಷಾಂತರ ವರ್ಷ ಬೇಕು ಎಂದು ನಾನು ನಂಬಿದ್ದೆ, ದಳ ಪೂರ್ತಿ ಮಾಯವಾಗಲು ಬೇಕಾಗಬಹುದು. ಆದರೆ ಹೊರಳುವಿಕೆಯ ಮೊದಲ ಹೆಜ್ಜೆ ಎಷ್ಟು ಬೇಗ ಬೀಳುತ್ತದೆ ಎಂಬುದನ್ನು ಜ್ಯೂರಿಕ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ತೋರಿಸಿತು. ಸಾಸಿವೆಯ ಹತ್ತಿರದ ಗಿಡವೊಂದನ್ನು ಗುಂಪು ಮಾಡಿ, ಒಂದಕ್ಕೆ ಬಂಬಲ್‌ಬೀ ಎಂಬ ದಪ್ಪ, ರೋಮಭರಿತ ಜೇನುಗಳನ್ನು, ಇನ್ನೊಂದಕ್ಕೆ ಹೂನೊಣಗಳನ್ನು ಬಿಟ್ಟು ಬೆಳೆಸಿದರು. ಒಂಬತ್ತೇ ಪೀಳಿಗೆಯಲ್ಲಿ ಬಂಬಲ್‌ಬೀ ಗುಂಪಿನ ಗಿಡಗಳು ಎತ್ತರವಾದವು, ಅವುಗಳ ಪರಿಮಳ ಹೆಚ್ಚಿತು. ಪರಾಗ ಸಾಗಿಸುವುದರಲ್ಲಿ ಅಷ್ಟು ಸಮರ್ಥವಲ್ಲದ ಹೂನೊಣಗಳ ಗುಂಪಿನಲ್ಲಿ ಗಿಡಗಳು ಗಿಡ್ಡವಾದವು, ಪರಿಮಳ ತಗ್ಗಿತು, ತನ್ನ ಪರಾಗದಿಂದಲೇ ಬೀಜ ಕಟ್ಟುವುದು ಹೆಚ್ಚಿತು.

ಪ್ರಯೋಗಶಾಲೆಯ ಹೊರಗೂ ಇದು ಶುರುವಾಗಿದೆ. ಪ್ಯಾರಿಸ್ ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಒಂದು ಪುಟ್ಟ ಪ್ಯಾನ್ಸಿ ಹೂವಿನ ಮೇಲಿನ ಅಧ್ಯಯನ 2023ರ ಕೊನೆಗೆ ಪ್ರಕಟವಾಯಿತು. 1990 ಮತ್ತು 2000ರ ದಶಕಗಳಲ್ಲಿ ಆಯ್ದು ಜೋಪಾನ ಮಾಡಿದ್ದ ಬೀಜಗಳನ್ನು ಈಗ ಮೊಳೆಸಿ, ಅದೇ ಜಾಗಗಳ ಇಂದಿನ ಬೀಜಗಳ ಜೊತೆ ಒಟ್ಟಿಗೆ ಬೆಳೆಸಿ ಹೋಲಿಸಿದರು. ಇಂದಿನ ಹೂಗಳು ಶೇಕಡ 10ರಷ್ಟು ಚಿಕ್ಕವು, ಅವುಗಳಲ್ಲಿ ಮಕರಂದ ಶೇಕಡ 20ರಷ್ಟು ಕಡಿಮೆ, ಬಂಬಲ್‌ಬೀಗಳು ಹಳೆಯ ಬೀಜದ ಹೂಗಳನ್ನೇ ಹೆಚ್ಚು ಇಷ್ಟಪಟ್ಟವು. ಹೊಲಗಳಲ್ಲಿ ಕೀಟಗಳು ಕಡಿಮೆಯಾಗುತ್ತಿವೆ, ಹೂವು ಅವುಗಳ ಮೇಲಿನ ಖರ್ಚನ್ನು ತಗ್ಗಿಸುತ್ತಿದೆ. ಇದರಲ್ಲಿ ನನ್ನನ್ನು ಕಾಡುವುದು ಕೀಟದ ಪಾಡು. ಹೂವಿಗೆ ಇನ್ನೊಂದು ದಾರಿ ಇದೆ, ಈ ಪ್ಯಾನ್ಸಿ ಗಾಳಿಯ ಬದಲು ತನ್ನದೇ ಪರಾಗವನ್ನು ನೆಚ್ಚಿಕೊಳ್ಳತೊಡಗಿದೆ. ಮಕರಂದವನ್ನೇ ಉಂಡು ಬದುಕುವ ಜೇನುಗಳಿಗೆ ಅಂಥ ದಾರಿ ಇಲ್ಲ. ಕೀಟ ಕಡಿಮೆಯಾದಷ್ಟೂ ಹೂವು ಮಕರಂದ ಕಡಿಮೆ ಮಾಡುತ್ತದೆ, ಮಕರಂದ ಕಡಿಮೆಯಾದಷ್ಟೂ ಕೀಟ ಇನ್ನಷ್ಟು ಕಡಿಮೆಯಾಗುತ್ತದೆ. ಅದೇ ಹೊಲದ ಅಂಚಿನಲ್ಲಿ, ಅದೇ ಕೀಟಗಳನ್ನು ನಂಬಿ, ಇನ್ನೂ ದೊಡ್ಡ ದಳ ಬಿಡಿಸಿಕೊಂಡು ನಿಂತಿರುವ ಬೇರೆ ಗಿಡಗಳಿಗೂ ಈ ನಷ್ಟ ತಟ್ಟದೆ ಇರುವುದಿಲ್ಲ.